ಪೆಲಿಕನ್ ನೆಕ್‌ನ ಹತ್ತೊಂಬತ್ತು ಅರ್ಜಿಗಳು

೨೦೧೯ರ ಏಪ್ರಿಲ್ ೯, ಮಂಗಳವಾರ. ಬೆಳಿಗ್ಗೆ ೯.೧೦ಕ್ಕೆ ಜಾರ್ಜಿಯಾ ಕರಾವಳಿಯ ಟಮಾಲಾ ಕೌಂಟಿ ಶೆರಿಫ್ ಕಚೇರಿಗೆ ಕ್ಲೀವಸ್ ಡೆಲೋಚ್ ಎಂಬ ಅರವತ್ತೆಂಟು ವರ್ಷದ ಮನುಷ್ಯ ಬಂದು, ಯಾರೋ ತನ್ನ ಮನೆ ತೆರಿಗೆ ಇಳಿಸಿದ್ದಾರೆ ಎಂದು ದೂರು ಕೊಟ್ಟ.

ತನಿಖಾಧಿಕಾರಿ ಹಾರ್ಮನ್ ಟಾರ್ವರ್ ಪೆನ್ನು ಕೆಳಗಿಟ್ಟ. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ತೆರಿಗೆ ಏರಿತೆಂದು ಬೊಬ್ಬೆ ಹಾಕಿದವರನ್ನು ಕಂಡಿದ್ದ, ಕುರ್ಚಿ ಎತ್ತಿ ಎಸೆದವರನ್ನೂ ಕಂಡಿದ್ದ. ಇಳಿಯಿತೆಂದು ದೂರು ತಂದವನು ಇವನೊಬ್ಬನೇ.

ಕ್ಲೀವಸ್ ಎರಡು ಕಾಗದ ಮುಂದಿಟ್ಟ. ಒಂದು, ತೆರಿಗೆ ಮೌಲ್ಯ ನಿಗದಿ ಕಚೇರಿಯಿಂದ ಬಂದದ್ದು: ನಿಮ್ಮ ವಾಸದ ಮನೆಗೆ ವಿನಾಯಿತಿ ಮಂಜೂರಾಗಿದೆ. ಇನ್ನೊಂದು, ಅರ್ಜಿಯ ಜೊತೆಗಿದ್ದ ಪ್ರಮಾಣಪತ್ರದ ನಕಲು: ತೀರಿಕೊಂಡ ನನ್ನ ತಾಯಿ ಲಾಟಿ ಡೆಲೋಚ್‌ಗೆ ಬದುಕಿರುವ ಮಗು ನಾನೊಬ್ಬನೇ, ಈ ಮನೆ ನನ್ನೊಬ್ಬನದೇ. ಕೆಳಗೆ ಕ್ಲೀವಸ್‌ನ ಸಹಿ, ನೋಟರಿ ಮುದ್ರೆ.

"ಸಹಿ ನಂದಲ್ಲ. ಡೆಟ್ರಾಯಿಟ್‌ನಲ್ಲಿ ಅಕ್ಕ ಇದ್ದಾಳೆ. ಇಬ್ರು ತಮ್ಮಂದ್ರಿದಾರೆ."

"ಅಕ್ಕನಿಗೆ ಗೊತ್ತಾಯ್ತಾ?"

"ನಾನೇ ಫೋನ್ ಮಾಡಿ ಹೇಳ್ದೆ. ಅಮ್ಮನ ಮನೆ ನುಂಗಿಬಿಟ್ಯಲ್ಲೋ ಅಂದ್ಲು. ಫೋನ್ ಇಟ್ಟುಬಿಟ್ಲು."

ಉಳಿದದ್ದನ್ನು ಟಾರ್ವರ್ ಪ್ರಶ್ನೆ ಕೇಳಿ ಕೇಳಿ ಹೊರಡಿಸಬೇಕಾಯಿತು. ನಲವತ್ತು ವರ್ಷ ಸೀಗಡಿ ದೋಣಿಗಳ ಎಂಜಿನ್ ರಿಪೇರಿ ಮಾಡಿದ ಮನುಷ್ಯ, ಮಾತು ಕಡಿಮೆ. ಹುಟ್ಟಿದ ಮನೆಯಲ್ಲೇ ಇದ್ದಾನೆ, ಆದರೆ ಪತ್ರ ಇರುವುದು ತಾಯಿಯ ಹೆಸರಲ್ಲಿ. ಆಕೆ ಉಯಿಲು ಬರೆಯದೆ ಸತ್ತು ಹನ್ನೊಂದು ವರ್ಷ. ಮಾಲೀಕ ತನ್ನ ಮನೆಯಲ್ಲಿ ತಾನೇ ವಾಸವಿದ್ದರೆ ಬೆಲೆಯ ಒಂದು ಭಾಗಕ್ಕೆ ತೆರಿಗೆಯಿಲ್ಲ ಎನ್ನುತ್ತದೆ ಕಾನೂನು. ಎರಡು ಸಲ ಅರ್ಜಿ ಹಾಕಿದ್ದ. ವಾಸ ಇದ್ದೀಯ, ಮಾಲೀಕ ಅಲ್ಲ ಎಂದು ಎರಡು ಸಲವೂ ಓಡಿಸಿದ್ದರು. ಅಷ್ಟರಲ್ಲಿ ಹೊಳೆಯಾಚೆ ಗಾಲ್ಫ್ ಮೈದಾನ ಬಂತು, ಅವನ ಊರು ಪೆಲಿಕನ್ ನೆಕ್‌ನ ಪ್ರತಿ ಮನೆಯ ಬೆಲೆಯೂ ಕಾಗದದ ಮೇಲೆ ಮೂರು ಪಟ್ಟಾಯಿತು. ಈ ಸಲದ ತೆರಿಗೆ ಬಾಕಿ ಬಿದ್ದರೆ ಮನೆ ಹರಾಜಿಗೆ ಹೋಗುತ್ತದೆ. ಪತ್ರ ತನ್ನ ಹೆಸರಿಗಾಗಬೇಕಾದರೆ ಒಡಹುಟ್ಟಿದವರೆಲ್ಲ ಸಹಿ ಹಾಕಬೇಕು. ವರ್ಷಗಟ್ಟಲೆ ಗೋಗರೆದ ಮೇಲೆ ಅಕ್ಕ ಮೊನ್ನೆ ಮೊನ್ನೆ ಒಪ್ಪಿದ್ದಳು, ಈಗ ಈ ಸುಳ್ಳು ಪ್ರಮಾಣದ ಸುದ್ದಿ ಕೇಳಿ ತಿರುಗಿ ಬಿದ್ದಿದ್ದಾಳೆ.

ತಾನು ಇದನ್ನು ಮಾಡಲಿಲ್ಲ ಎಂದು ಶೆರಿಫ್ ಮುದ್ರೆಯಿರುವ ಒಂದು ಕಾಗದ ಬೇಕು ಅವನಿಗೆ, ಅಕ್ಕನಿಗೆ ಕಳಿಸಲು. ಅಷ್ಟೇ.

೯.೫೦ಕ್ಕೆ ದೂರು ದಾಖಲಾಯಿತು. "ಸರ್, ಕಳ್ಳನಿಗೆ ಇದ್ರಲ್ಲಿ ಸಿಕ್ಕಿದ್ದೇನು?" ಎಂದು ಕೇಳಿದಳು ಜೊತೆಗಿದ್ದ ಡೆಪ್ಯುಟಿ ಕೋರಿನ್ ಬೆಲ್. ಟಾರ್ವರ್‌ಗೆ ಅದೇ ಮೈ ಪರಚಿಕೊಳ್ಳುವಂತೆ ಮಾಡಿತ್ತು. ಲಾಭ ಯಾರಿಗೆಂದು ಹುಡುಕಿ ಹೊರಟರೆ ದೂರುದಾರನ ಬಾಗಿಲಿಗೇ ಬಂದು ನಿಲ್ಲಬೇಕು.

೧೧.೩೦ಕ್ಕೆ ಇಬ್ಬರೂ ತೆರಿಗೆ ಕಚೇರಿಗೆ ಹೋದರು. ಮುಖ್ಯಸ್ಥ ಡ್ವೈಟ್ ಪ್ರೂಯಿಟ್ ಮೊದಲು ಕಾಯಿಸಿದ, ಆಮೇಲೆ ಲಿಖಿತ ಮನವಿ ಕೇಳಿದ, ಅದನ್ನು ಬರೆದುಕೊಟ್ಟರೆ ಬೇರೆ ಫಾರಂನಲ್ಲಿ ಬರೆಯಿರಿ ಎಂದ. ಒಂದೂಕಾಲಿಗೆ ಕಡತ ಹೊರಬಂತು. ಅಂಥ ಅರ್ಜಿ ಒಂದಲ್ಲ, ಹತ್ತೊಂಬತ್ತು. ಎಲ್ಲವೂ ಪೆಲಿಕನ್ ನೆಕ್‌ನವು, ಎಲ್ಲದರಲ್ಲೂ ಸತ್ತ ತಾಯಿ ಅಥವಾ ಅಜ್ಜನಿಗೆ ಒಬ್ಬನೇ ವಾರಸುದಾರ. ಮಾರ್ಚ್ ೨೫ರಂದು ಒಂದೇ ದೊಡ್ಡ ಲಕೋಟೆಯಲ್ಲಿ ಅಂಚೆಯಲ್ಲಿ ಬಂದಿದ್ದವು.

"ಒಂದೇ ಲಕೋಟೇಲಿ ಹತ್ತೊಂಬತ್ತು ಬಂದ್ರೂ ಅನುಮಾನ ಬರ್ಲಿಲ್ವಾ?"

"ಕಾಗದ ಎಲ್ಲಾ ಸರಿಯಾಗಿತ್ತು."

"ಹಿಂದೆ ಇದೇ ಜನರನ್ನ ವಾಪಸ್ ಕಳಿಸಿದ್ರಲ್ಲ?"

"ಆಗ ಕಾಗದ ಸರಿ ಇರ್ಲಿಲ್ಲ," ಎಂದ ಪ್ರೂಯಿಟ್, ಇದಕ್ಕಿಂತ ಸರಳವಾಗಿ ಹೇಗೆ ಹೇಳುವುದೆಂಬ ಮುಖ ಮಾಡಿಕೊಂಡು.

ಮುದ್ರೆ ಯಾರದೆಂದು ತಿಳಿಯಲು ಹತ್ತು ನಿಮಿಷ ಸಾಕಾಯಿತು, ಅದರಿಂದ ಪ್ರಯೋಜನ ಮಾತ್ರ ಸೊನ್ನೆ. ಅದು ಊರಿಗೆ ನೋಟರಿಯೂ ಆಗಿದ್ದ ಪೆಲಿಕನ್ ನೆಕ್ ಚರ್ಚಿನ ಪಾದ್ರಿಯದು. ಪಾದ್ರಿ ಸತ್ತು ಎರಡು ವರ್ಷವಾಗಿತ್ತು. ಮುದ್ರೆ ಚರ್ಚಿನ ಆಫೀಸಿನ ಡ್ರಾಯರ್‌ನಲ್ಲೇ ಉಳಿದಿತ್ತಂತೆ, ಈಗ ಇಲ್ಲ. ಆಫೀಸಿಗೆ ಬೀಗವಿದೆ, ಆದರೆ ಹಾಡುವವರು, ಗುಡಿಸುವವರು, ಭಾನುವಾರದ ಊಟಕ್ಕೆ ಅಡುಗೆ ಮಾಡುವವರು ಎಲ್ಲರ ಬಳಿಯೂ ಕೀಲಿ ಇದೆ. ಟಾರ್ವರ್ ಹೆಸರು ಬರೆಯುತ್ತಾ ಹೋಗಿ ಮೂವತ್ತೆಂಟಕ್ಕೆ ಬರೆಯುವುದನ್ನೇ ಬಿಟ್ಟ.

೧೦ ಮತ್ತು ೧೧ನೇ ತಾರೀಖು ಮನೆಮನೆ ವಿಚಾರಣೆ. ಯಾರೂ ಅರ್ಜಿ ಹಾಕಿರಲಿಲ್ಲ, ಯಾರು ಹಾಕಿದರೆಂದು ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರಿದ್ದರೆ ಬಾಯಿಗೆ ಬೀಗ ಹಾಕಿಕೊಂಡಿದ್ದರು. ಸಿಹಿ ಚಹಾ ಕೊಟ್ಟರು, ಕರಿದ ಮೀನು ಕೊಟ್ಟರು, ಉತ್ತರ ಕೊಡಲಿಲ್ಲ. ಎಲ್ಲರೂ ಕೇಳಿದ್ದು ಒಂದೇ, ವಿನಾಯಿತಿ ವಾಪಸ್ ತಗೊಳ್ತಾರಾ ಅಂತ. ಅದು ತನ್ನ ಇಲಾಖೆಯದಲ್ಲ ಎಂದು ಹದಿನೇಳು ಸಲ ಹೇಳುವಷ್ಟರಲ್ಲಿ ಟಾರ್ವರ್‌ಗೆ ತನ್ನ ಮಾತಿನ ಮೇಲೇ ಅಸಹ್ಯ ಹುಟ್ಟಿತು. ಹದಿನೆಂಟನೇ ಬಾಗಿಲು ತೆರೆದ ಮುದುಕಿ ಅವನಿಗೆ ಅದನ್ನು ಹೇಳಲೂ ಬಿಡಲಿಲ್ಲ. "ಕಳ್ರನ್ನ ಹಿಡಿಯೋಕೆ ಬೇರೆ ಊರೇ ಸಿಗ್ಲಿಲ್ವೇನಪ್ಪಾ ನಿಂಗೆ?" ಎಂದು ಬಾಗಿಲು ಹಾಕಿಕೊಂಡಳು.

ಶುಕ್ರವಾರ, ೧೨ನೇ ತಾರೀಖು. ಕೈಬರಹದ ಮಾದರಿ ಪಡೆಯಲು ಮತ್ತೆ ಎಲ್ಲ ಮನೆಗೂ ಹೋಗಬೇಕಿತ್ತು. ಕೋರಿನ್ ಕಾರು ಓಡಿಸಿದಳು. ಟಾರ್ವರ್ ಅರ್ಜಿಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಹೆಸರುಗಳು ಅಕ್ಷರ ಕ್ರಮದಲ್ಲಿರಲಿಲ್ಲ, ಮನೆ ನಂಬರುಗಳೂ ಹಿಂದುಮುಂದಾಗಿದ್ದವು. ಜೋಡಿಸಿಕೊಳ್ಳುವ ವ್ಯವಧಾನವಿಲ್ಲದೆ, ತೆರಿಗೆ ಕಚೇರಿಯವರು ಲಕೋಟೆ ಬಿಚ್ಚಿದಾಗ ಮೇಲಿಂದ ಕೆಳಕ್ಕೆ ಒತ್ತಿದ್ದ ಕ್ರಮಸಂಖ್ಯೆ ಹಿಡಿದೇ ವಿಳಾಸ ಓದುತ್ತಾ ಹೋದ.

ಆರನೇ ಮನೆಯ ಹೊತ್ತಿಗೆ ಕೋರಿನ್, "ಸರ್, ಇದುವರೆಗೂ ನಾನು ಒಂದ್ಸಲನೂ ಕಾರು ಹಿಂದಕ್ಕೆ ತಿರುಗಿಸಿಲ್ಲ," ಎಂದಳು.

ಟಾರ್ವರ್ ತಲೆಯೆತ್ತಿದ. ದೊಡ್ಡ ರಸ್ತೆಯಲ್ಲಿ ಕೊನೆಯವರೆಗೆ, ಚರ್ಚ್ ಓಣಿ ಸುತ್ತಿ, ದೋಣಿ ಕಟ್ಟೆಯ ದಾರಿಯಲ್ಲಿ ವಾಪಸ್. ಅರ್ಜಿಗಳು ರಸ್ತೆ ಹಿಡಿದೇ ಬರುತ್ತಿದ್ದವು. ಒಂಬತ್ತನೆಯದರಲ್ಲಿ ಮಾತ್ರ ತಪ್ಪಿತು. ಅದು ಕ್ಲೀವಸ್‌ನದು. ಅವನ ಮನೆಯಿರುವುದು ಒಂದು ಮೈಲಿ ಒಳಗೆ, ಜೌಗು ದಾಟಿ. ಎಂಟನೇ ಮತ್ತು ಹತ್ತನೇ ಮನೆಗಳಿದ್ದದ್ದು ಸೇತುವೆಯ ಪಕ್ಕದಲ್ಲೇ.

"ಇಲ್ಲಿ ಯಾಕೆ ಕೆಟ್ಟಿತು?" ಎಂದು ಗೊಣಗುತ್ತ ಟಾರ್ವರ್ ಇಳಿದ. ಸೇತುವೆಯ ಬಳಿ ಮೂರು ಅಂಚೆ ಪೆಟ್ಟಿಗೆಗಳು ಸಾಲಾಗಿ ನಿಂತಿದ್ದವು. ನಡುವಿನದರ ಮೇಲೆ ಡೆಲೋಚ್ ಎಂದು ಬರೆದಿತ್ತು. ಜೌಗಿನ ದಾರಿಯಲ್ಲಿ ಅಂಚೆ ಗಾಡಿ ಹೋಗುವುದಿಲ್ಲ, ಆದ್ದರಿಂದ ಪೆಟ್ಟಿಗೆ ಇಲ್ಲಿ.

ಅರ್ಜಿಗಳನ್ನು ಜೋಡಿಸಿದ ಕೈಗೆ ಮನೆಗಳ ಸಾಲಲ್ಲ, ಪೆಟ್ಟಿಗೆಗಳ ಸಾಲು ಗೊತ್ತಿತ್ತು. ಕಾಗದ ಕೈಗೆ ಬಂದರೆ ಅಂಚೆಯವರು ಗಾಡಿ ಹೋಗುವ ಕ್ರಮದಲ್ಲೇ ಜೋಡಿಸುತ್ತಾರೆ. ಬೇರೆ ಥರ ಜೋಡಿಸು ಎಂದರೂ ಆ ಕೈ ಕೇಳುವುದಿಲ್ಲ.

ಈಗಿನ ಅಂಚೆಯವನು ಎಂಟು ತಿಂಗಳ ಹಿಂದೆ ಬೇರೆ ಊರಿಂದ ಬಂದವನು, ಪಟ್ಟಿ ನೋಡದೆ ಒಂದು ಪೆಟ್ಟಿಗೆಗೂ ಕೈ ಹಾಕುವವನಲ್ಲ. ಅವನಿಗಿಂತ ಮುಂಚೆ ಮೂವತ್ತೊಂದು ವರ್ಷ ಆ ದಾರಿಯಲ್ಲಿ ಅಂಚೆ ಹಂಚಿದ್ದು ವರ್ಡೆಲ್ ಹಾಲಿಫೀಲ್ಡ್. ನಿವೃತ್ತಿಯಾದ ಮೇಲೆ ಚರ್ಚಿನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಳು. ಕೋರಿನ್‌ಗೆ ಚರ್ಚಿನಲ್ಲಿ ಓದು ಕಲಿಸಿದವಳು ಅವಳೇ.

ಸೋಮವಾರ, ೧೫ನೇ ತಾರೀಖು ಬೆಳಿಗ್ಗೆ ೧೦.೪೦ಕ್ಕೆ ಸರ್ಚ್ ವಾರಂಟಿನೊಂದಿಗೆ ಅವಳ ಮನೆಗೆ ಹೋದರು. ಹುಡುಕುವ ಕೆಲಸವೇ ಇರಲಿಲ್ಲ. ಊಟದ ಮೇಜಿನ ಮೇಲಿದ್ದ ಬಿಸ್ಕತ್ತಿನ ಡಬ್ಬಿಯನ್ನು ಅವಳೇ ಮುಂದೆ ತಳ್ಳಿದಳು. ಕೋರಿನ್ ಮಹಜರು ಬರೆದಳು: ನೋಟರಿ ಮುದ್ರೆ ಒಂದು, ಖಾಲಿ ಪ್ರಮಾಣಪತ್ರ ಏಳು, ಸಹಿ ಅಭ್ಯಾಸ ಮಾಡಿದ ಹಾಳೆ ಹನ್ನೆರಡು.

"ಇವ್ರ ಸಹಿ ನಿಮಗೆ ಹೇಗೆ ಗೊತ್ತು, ಮಿಸ್ ವರ್ಡೆಲ್?" ಎಂದು ಕೇಳಿದ ಟಾರ್ವರ್.

"ರಿಜಿಸ್ಟರ್ ಕಾಗದಕ್ಕೆಲ್ಲಾ ನಾನೇ ಸಹಿ ಹಾಕಿಸ್ಕೊಂಡಿದ್ದು. ಕಣ್ಣು ಮುಚ್ಚಿದ್ರೂ ಕಾಣ್ಸುತ್ತೆ."

"ಮಾಡ್ಕೊಡಿ ಅಂತ ಅವ್ರು ಯಾರಾದ್ರೂ ಕೇಳಿದ್ರಾ?"

"ಒಬ್ರೂ ಇಲ್ಲ. ಬರ್ಕೊಳ್ಳಿ ಅದನ್ನ."

"ಬರೆದಿದ್ದು ಸುಳ್ಳು ಅಂತ ಗೊತ್ತಿತ್ತಾ?"

"ಮಕ್ಕಳ ಲೆಕ್ಕ ಸುಳ್ಳು. ಆ ಮನೇಲಿ ಅವ್ರೇ ಇರೋದು ಅನ್ನೋದು ಸುಳ್ಳಾ? ಈ ಕೌಂಟೀಲಿ ಯಾರು ಎಲ್ಲಿದಾರೆ ಅಂತ ನನಗಿಂತ ಚೆನ್ನಾಗಿ ಗೊತ್ತಿರೋರು ಯಾರಿದಾರೆ, ಹೇಳು ಹಾರ್ಮನ್."

೧೧.೧೫ಕ್ಕೆ ಬಂಧನ. ನಕಲಿ ಸಹಿ, ಸುಳ್ಳು ಪ್ರಮಾಣ, ಹತ್ತೊಂಬತ್ತು ಆರೋಪ. ಕೋರಿನ್ ಬೇಡಿ ತೊಡಿಸದೆ ಕಾರಿನ ಬಾಗಿಲು ತೆಗೆದಳು. ಟಾರ್ವರ್ ನೋಡಿಯೂ ನೋಡದಂತಿದ್ದ. ಕಾರಿನಲ್ಲಿ ವರ್ಡೆಲ್ ಕೇಳಿದ್ದು ಒಂದೇ, ಎಷ್ಟು ಮನೆಗಳ ವಿನಾಯಿತಿ ರದ್ದಾಗುತ್ತದೆ ಎಂದು. ಹತ್ತೊಂಬತ್ತರದೂ ಎಂದ ಟಾರ್ವರ್. ಹೊಸ ಅರ್ಜಿಯ ಗಡುವು ಏಪ್ರಿಲ್ ಒಂದಕ್ಕೇ ಮುಗಿದಿತ್ತು.

ಹೇಳಿಕೆ ಕೊಡುವಾಗ ಒಂದು ಮನೆಯ ಮಾತು ಬಂತು. ಎಂಟು ವರ್ಷದ ಹಿಂದೆ ದೋಣಿ ಕಟ್ಟೆ ದಾರಿಯ ಅರ್ಲೀನ್ ಟಿಲ್‌ಮನ್‌ಗೆ ತೆರಿಗೆ ಕಚೇರಿಯ ರಿಜಿಸ್ಟರ್ ಕಾಗದ ಬಂದಿತ್ತು. ಅರ್ಲೀನ್‌ಗೆ ಓದಲು ಬರುತ್ತಿರಲಿಲ್ಲ, ಸಹಿ ಹಾಕಲು ಹೆದರಿದಳು. ಏನೂ ಆಗಲ್ಲ, ಕಾಗದ ಮುಟ್ಟಿದೆ ಅಂತ ಅಷ್ಟೇ ಎಂದು ಧೈರ್ಯ ಹೇಳಿ ವರ್ಡೆಲ್ ಸಹಿ ಹಾಕಿಸಿದಳು. ಗಾಡಿಯಲ್ಲಿ ಇನ್ನೂ ನಲವತ್ತು ಪೆಟ್ಟಿಗೆಯ ಅಂಚೆ ಬಾಕಿಯಿತ್ತು, ಕೂತು ಓದಿ ಹೇಳಲು ಹೊತ್ತಿರಲಿಲ್ಲ. ಅದು ಹರಾಜಿನ ನೋಟಿಸು. ನ್ಯಾಯಾಲಯದ ಮೆಟ್ಟಿಲ ಮೇಲೆ ಮನೆ ಹರಾಜಾಗಿ ಹೋಯಿತು. ಅರ್ಲೀನ್ ವೃದ್ಧಾಶ್ರಮದಲ್ಲಿ ಸಾಯುವವರೆಗೂ, ನೋಡಲು ಬಂದ ವರ್ಡೆಲ್‌ಗೆ ಒಂದು ಮಾತೂ ಅನ್ನಲಿಲ್ಲ. ಅದೇ ವರ್ಡೆಲ್‌ಳನ್ನು ತಿಂದದ್ದು.

"ದೂರು ಕೊಟ್ಟಿದ್ದು ಕ್ಲೀವಸ್ ಅಲ್ವಾ?" ಎಂದು ಕೊನೆಗೆ ಕೇಳಿದಳು. ಹೇಳುವಂತಿಲ್ಲ ಎಂದ ಟಾರ್ವರ್. "ಅವ್ನೇ. ತನ್ನದಲ್ಲದ್ದು ಅವನ ಹೊಟ್ಟೇಲಿ ನಿಲ್ಲಲ್ಲ. ನಂಗೆ ಬೇಜಾರಿಲ್ಲ ಅಂತ ಹೇಳು."

ಮಂಗಳವಾರ, ೧೬ನೇ ತಾರೀಖು. ಮ್ಯಾಜಿಸ್ಟ್ರೇಟರು ವರ್ಡೆಲ್‌ಳ ಜಾಮೀನಿಗೆ ಹತ್ತು ಸಾವಿರ ಡಾಲರ್ ಗೊತ್ತುಮಾಡಿದರು. ೩.೧೫ಕ್ಕೆ ಕ್ಲೀವಸ್ ಕಾಗದ ತೆಗೆದುಕೊಳ್ಳಲು ಬಂದ. ಸಹಿ ಅವನದಲ್ಲ ಎಂದು ಮುದ್ರೆ ಒತ್ತಿ ಬರೆದುಕೊಟ್ಟಿದ್ದರು. ಅಕ್ಕ ಇನ್ನು ನಂಬಲೇಬೇಕು. ಅವನು ಎರಡು ಸಲ ಓದಿದ. ಕೆಳಗೆ ಆರೋಪಿ ಎಂದು ಬರೆದಿದ್ದ ಹೆಸರಿನ ಬಳಿ ಬೆರಳು ನಿಂತಿತು. ಟಾರ್ವರ್ ವರ್ಡೆಲ್‌ಳ ಮಾತು ತಿಳಿಸಿದ.

ದೂರು ವಾಪಸ್ ತಗೋತೀನಿ ಎಂದ ಕ್ಲೀವಸ್. ಆಗುವುದಿಲ್ಲ, ಈಗ ಅದು ಸರ್ಕಾರದ ಮೊಕದ್ದಮೆ ಎಂದ ಟಾರ್ವರ್. ಕ್ಲೀವಸ್ ಕಾಗದ ಮಡಚಿ ಜೇಬಿಗಿಟ್ಟ. ಆಮೇಲೆ ಎದ್ದು, ಆ ಹೊತ್ತು ಕೋರಿನ್ ಕೂತಿದ್ದ ಜಾಮೀನಿನ ಕಿಟಕಿಗೆ ಹೋದ.

"ಅಷ್ಟು ದುಡ್ಡಿಲ್ಲ. ಮನೆ ಇಟ್ಟು ಮಿಸ್ ವರ್ಡೆಲ್‌ಗೆ ಜಾಮೀನು ಕೊಡಬಹುದಂತಲ್ಲ?"

ಕೊಡಬಹುದಿತ್ತು. ಅದಕ್ಕೂ ಒಂದು ಫಾರಂ ಇದೆ. ಕೋರಿನ್ ಅದನ್ನು ತೆಗೆದು, ಹೆಸರು ಬರೆದು, ಮಾಲೀಕರು ಮಾತ್ರ ಎಂದಿದ್ದ ಎರಡನೇ ಸಾಲಿಗೆ ಬಂದು ನಿಂತಳು. ಉತ್ತರ ಗೊತ್ತಿತ್ತು, ಆದರೂ ಕೇಳದೆ ಮುಂದೆ ಹೋಗುವಂತಿರಲಿಲ್ಲ.

"ಮಿಸ್ಟರ್ ಕ್ಲೀವಸ್, ಮನೆ ಪತ್ರ ಯಾರ ಹೆಸರಲ್ಲಿದೆ?"

"ಅಮ್ಮನ ಹೆಸರಲ್ಲಿ," ಎಂದ ಕ್ಲೀವಸ್.

ಕಚೇರಿ ಮುಚ್ಚುವವರೆಗೂ ಅವನು ಆ ಕಿಟಕಿ ಬಿಟ್ಟು ಕದಲಲಿಲ್ಲ.