ಇನ್ನು ಆರುನೂರು ಪೋಸ್ಟ್

ಒಬ್ಬ ಮನುಷ್ಯನನ್ನು ಬೇಟೆಯಾಡಲು ಈಗ ಎಷ್ಟು ಖರ್ಚು, ಹೇಳಿ ನೋಡೋಣ.

ಜನ ಹಾಕುವ ಪೋಸ್ಟುಗಳು ಹಾಕಿದ ಕ್ಷಣವೇ ನಿಮ್ಮ ಕೈಗೆ ಬರಬೇಕಾದರೆ ಆ ಕಂಪನಿಗೆ ತಿಂಗಳಿಗೆ ಹದಿನೈದು ಸಾವಿರ. ಡೆವಲಪರ್ ಆಕ್ಸೆಸ್ ಅಂತ ಅದರ ಹೆಸರು. ಜೋಡಿಸಿಕೊಡುವ ಪ್ರೋಗ್ರಾಮರನಿಗೆ ಐದು ಸಾವಿರ. ಇಬ್ಬರು ರೌಡಿಗಳಿಗೆ ದಿನಕ್ಕೆ ಒಂದೊಂದು ಸಾವಿರ, ಪೆಟ್ರೋಲ್ ಬೇರೆ.

ಒಂದು ಫ್ರಿಜ್ಜಿನ ಬೆಲೆ... ಅಷ್ಟೇ!

ಈ ರೇಟು ನನಗೆ ತಿಳಿದದ್ದು ಆಮೇಲೆ. ಆಗ ನಾನು ಒಂದು ಲಾಂಡ್ರಿಯಲ್ಲಿ, ಬಟ್ಟೆ ಒಗೆಯುವ ಮೆಷಿನ್ನಿನ ಹಿಂದೆ ಮಂಡಿಯೂರಿ ಕೂತಿದ್ದೆ. ಪಕ್ಕದಲ್ಲಿ ಬಿಳಿ ಗಡ್ಡದ ಲಿಫ್ಟ್ ಮೇಸ್ತ್ರಿ. ಗಂಟೆ ಎರಡು. ಮೂರಕ್ಕೆ ಅವರು ಕೋರ್ಟಿನಲ್ಲಿ ಇರಬೇಕು.

ಒಂದು ಲಿಫ್ಟ್ ಬಿದ್ದು ಇಬ್ಬರು ಸತ್ತಿದ್ದರು. ಕೇಬಲ್ ಸವೆದಿದೆ ಎಂದು ಬಿಲ್ಡರನಿಗೆ ಮೂರು ಸಲ ಬರೆದುಕೊಟ್ಟವರು ಈ ಮೇಸ್ತ್ರಿ. ಮೂರು ಕಾಗದವೂ ಅವರ ಅಂಗಿಯೊಳಗೆ ಇದ್ದವು. ಸಾಕ್ಷಿಗಳನ್ನು ಜೀವಸಹಿತ ಕೋರ್ಟಿಗೆ ಮುಟ್ಟಿಸುವುದು ನನ್ನ ಕಸುಬು.

ಬೆಳಿಗ್ಗೆಯಿಂದ ಎರಡು ಜಾಗ ಬದಲಾಯಿಸಿದ್ದೆವು. ಮೊದಲು ಬಸ್ ಸ್ಟ್ಯಾಂಡ್. ಆಮೇಲೆ ಬ್ಯಾಂಕು. ಎರಡೂ ಕಡೆ ನಾವು ಹೋದ ಐದು ನಿಮಿಷಕ್ಕೆ ರೌಡಿಗಳು ಹಾಜರ್! ನಮ್ಮಿಬ್ಬರ ಫೋನೂ ಮನೆಯಲ್ಲೇ ಇತ್ತು.

“ವಾಸನೆ ಹಿಡಿದು ಬರ್ತಾರಾ?” ಎಂದರು ಮೇಸ್ತ್ರಿ.

“ನೀವು ಸ್ನಾನ ಮಾಡಿದ್ದೀರಿ ತಾನೆ?”

“ಮಾಡಿದ್ದೀನಪ್ಪ.”

“ಹಾಗಾದ್ರೆ ವಾಸನೆ ಅಲ್ಲ.”

ಬಟ್ಟೆ ಒಯ್ಯಲು ಬಂದಿದ್ದ ಒಬ್ಬ ಹೆಂಗಸು ನಮ್ಮತ್ತ ಬಗ್ಗಿ ನೋಡಿದಳು. ಕಣ್ಣಲ್ಲಿ ನೀರಿತ್ತು.

“ಹೆದರ್ಬೇಡಿ ಅಜ್ಜ. ನಿಮ್ಮೋರು ಬರ್ತಾ ಇದ್ದಾರೆ.”

ನಾನು ಎದ್ದು ನಿಂತೆ.

ಬಾಗಿಲು ದಡಾರನೆ ತೆರೆಯಿತು. ಇಬ್ಬರು ರೌಡಿಗಳ ಪೈಕಿ ದಪ್ಪನೆಯವನು. ಮೊದಲ ಏಟು ಅವನದು... ನನ್ನ ಎರಡು ಹಲ್ಲು ಹೋದವು. ಎರಡನೆಯದು ನನ್ನದು. ನನ್ನ ಕೈಯಲ್ಲಿ ಇಸ್ತ್ರಿ ಪೆಟ್ಟಿಗೆ ಇತ್ತು.

ಮೂರನೆಯದರ ಅಗತ್ಯ ಬೀಳಲಿಲ್ಲ.

ಬಿದ್ದವನ ಕೈಯಲ್ಲೇ ಫೋನು ತೆರೆದಿತ್ತು. ನೋಡಿದೆ. ‘ಮಾವ ಕಾಣೆ. ಮರೆವಿನ ಕಾಯಿಲೆ. ಕಂಡವರು ಮಾವ ಕಾಣೆ ಎಂಬ ಟ್ಯಾಗ್ ಹಾಕಿ ಜಾಗ ಬರೆಯಿರಿ.’ ಕೆಳಗೆ ಮೇಸ್ತ್ರಿಯ ಫೋಟೋ! ಅದರ ಕೆಳಗೆ ಸಾಲು ಸಾಲು ಪೋಸ್ಟು. ಬಸ್ ಸ್ಟ್ಯಾಂಡಿನಲ್ಲಿ ಕಂಡರು, ಪಾಪ. ಬ್ಯಾಂಕಿನಲ್ಲಿ ಕಂಡರು, ಪಾಪ. ಲಾಂಡ್ರಿಯಲ್ಲಿದ್ದಾರೆ, ಪಾಪ.

ಊರಿಗೆ ಊರೇ ಕರುಣೆಯಿಂದ ನಮ್ಮನ್ನು ಹಿಡಿದುಕೊಡುತ್ತಿತ್ತು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ‘ಪ್ರೋಗ್ರಾಮರ್’ ಎಂದಿತ್ತು. ಎತ್ತಿ ಗಂಟಲು ಗೊಗ್ಗರು ಮಾಡಿಕೊಂಡೆ.

“ಹ್ಞೂಂ?”

“ಅಣ್ಣಾ, ಒಂದು ಎಡವಟ್ಟಾಗಿದೆ. ಬೈಬೇಡಿ. ನಮ್ಮ ಪ್ಲಾನಲ್ಲಿ ತಿಂಗಳಿಗೆ ಹತ್ತು ಸಾವಿರ ಪೋಸ್ಟ್ ಮಾತ್ರ ನಮ್ಮ ಕೈಗೆ ಬರುತ್ತೆ. ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ಶೇರ್ ಮಾಡಿದ್ರೆ ಅದನ್ನ ಬಿಡು ಅಂತ ಬರೀಬೇಕಿತ್ತು... ಮರೆತೆ. ಅದೂ ಲೆಕ್ಕಕ್ಕೆ ಹೋಗ್ತಿದೆ!”

“ಎಷ್ಟು ಉಳಿದಿದೆ?”

“ಇನ್ನು ಆರುನೂರು. ಮುಗಿದ್ರೆ ಒಂದನೇ ತಾರೀಖಿನವರೆಗೆ ಬಂದ್. ದೊಡ್ಡ ಪ್ಲಾನಿಗೆ ಅರ್ಜಿ ಹಾಕಿದ್ರೆ ಒಂದು ವಾರ. ಯಜಮಾನ್ರಿಗೆ ಹೇಳ್ಬಿಡ್ತೀರಾ?”

“ಹೇಳ್ತೀನಿ. ನೀನು ಊಟ ಮಾಡು ಹೋಗು.”

ಒಳ್ಳೆಯ ಹುಡುಗ. ಪಾಪ.

ಅದೇ ಫೋನಿನಿಂದ ನಾನು ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ನಿವೃತ್ತ ಹೆಡ್ ಮಿಸ್. ದಿನಾ ತನ್ನ ಬೆಕ್ಕಿನ ವಿಡಿಯೋ ಹಾಕುತ್ತಾಳೆ. ನಲವತ್ತು ಸಾವಿರ ಜನ ಕಾದು ಕೂತು ನೋಡಿ ಹಂಚುತ್ತಾರೆ.

“ಅಕ್ಕಾ, ಈಗಲೇ ಬೆಕ್ಕಿಂದು ಒಂದು ಹಾಕು. ‘ಮಾವ ಕಾಣೆ’ ಅಂತ ಟ್ಯಾಗ್ ಹಾಕು.”

“ಯಾಕೋ ಪುಟ್ಟ, ಮಾತು ಸುಂಯ್ ಅಂತಿದೆ?”

“ಹಲ್ಲಿಲ್ಲ. ಬೇಗ ಹಾಕು.”

“ಕಾಣೆಯಾದೋರ ಟ್ಯಾಗಿಗೆ ಬೆಕ್ಕು ಹಾಕೋದೇನೋ? ಅಷ್ಟು ಜನ ನನ್ನ ನಂಬಿದ್ದಾರೆ!”

“ಹಾಕದಿದ್ರೆ ಸಂಜೆಗೆ ನಿಜವಾಗ್ಲೂ ಒಬ್ಬರು ಕಾಣೆ ಆಗ್ತಾರೆ. ನಿನ್ನ ತಮ್ಮನೂ ಜೊತೆಗೆ.”

 

“ಸ್ನಾನ ಮಾಡಿಸಿದ್ದು ಹಾಕ್ಲಾ, ಬೀರು ಮೇಲಿಂದ ಬಿದ್ದಿದ್ದು ಹಾಕ್ಲಾ?”

“ಬಿದ್ದಿದ್ದು!”

ಹಿಂಬಾಗಿಲಿನಿಂದ ಓಡಿದೆವು. ಮೇಸ್ತ್ರಿಗೆ ಅರವತ್ತೆರಡು ವರ್ಷ. ನನಗಿಂತ ಮುಂದೆ ಓಡಿದರು. ನನ್ನ ಜೇಬಿನಲ್ಲಿ ದಪ್ಪನೆಯವನ ಫೋನು ಹುಚ್ಚು ಹಿಡಿದಂತೆ ಟಿಣ್ ಟಿಣ್ ಎನ್ನುತ್ತಿತ್ತು. ಒಂದೊಂದು ಟಿಣ್ಣಿಗೂ ಆರುನೂರರಲ್ಲಿ ಒಂದು ಖಾಲಿ. ಬೆಕ್ಕು ಬಿತ್ತು. ಮತ್ತೆ ಬಿತ್ತು. ನೂರು ಸಲ ಬಿತ್ತು.

ಔಷಧಿ ಅಂಗಡಿಯವನು ಮೇಸ್ತ್ರಿಯನ್ನು ಕಂಡ. ಫೋನ್ ಎತ್ತಿ ಫೋಟೋ ಹೊಡೆದ. ಮುಖದಲ್ಲಿ ಅದೇ ಕರುಣೆ.

“ಬೇಡ ಸ್ವಾಮಿ!” ಎಂದೆ.

“ಪರವಾಗಿಲ್ಲ, ಆಗಲೇ ಹಾಕ್ದೆ!”

ಕೋರ್ಟಿನ ಗೇಟಿಗೆ ಐವತ್ತು ಹೆಜ್ಜೆ. ಮೂಲೆಯಲ್ಲಿ ಬೈಕಿನ ಮೇಲೆ ಎರಡನೆಯವನು ಕೂತಿದ್ದ, ಸಣಕಲ. ತೊಡೆಯ ಮೇಲೆ ಕಬ್ಬಿಣದ ರಾಡು. ಕೈಯಲ್ಲಿ ಫೋನು. ಬೇರೆ ದಾರಿ ಇರಲಿಲ್ಲ.

ಜೇಬಿನಲ್ಲಿ ಟಿಣ್... ಟಿಣ್...

ನಿಂತಿತು.

ತೆಗೆದು ನೋಡಿದೆ. ‘ಮಿತಿ ಮುಗಿದಿದೆ.’ ಔಷಧಿ ಅಂಗಡಿಯ ಪೋಸ್ಟು ಬಂದೇ ಇರಲಿಲ್ಲ.

“ನಡೀರಿ,” ಎಂದೆ. “ಓಡ್ಬೇಡಿ.”

ನಡೆದೆವು. ಸಣಕಲ ಫೋನನ್ನು ಅಲ್ಲಾಡಿಸಿದ. ತೊಡೆಗೆ ಬಡಿದ. ಆಫ್ ಮಾಡಿ ಆನ್ ಮಾಡಿದ. ನಾವು ಅವನ ಮೂಗಿನ ಕೆಳಗೇ ಹಾದೆವು. ಮೇಸ್ತ್ರಿಯ ತೋಳು ಅವನ ಹ್ಯಾಂಡಲ್ಲಿಗೆ ತಾಗಿತು.

“ನೋಡ್ಕೊಂಡು ಹೋಗಯ್ಯಾ!” ಎಂದು ಗದರಿದ. ತಲೆ ಎತ್ತಲಿಲ್ಲ.

ಎರಡು ಐವತ್ತೆರಡಕ್ಕೆ ಮೇಸ್ತ್ರಿ ಕೋರ್ಟಿನೊಳಗೆ ಕಾಲಿಟ್ಟರು. ಮೂರಕ್ಕೆ ಕಟಕಟೆ ಹತ್ತಿದರು. ಮೂರು ಕಾಗದವನ್ನೂ ಓದಿದರು. ಬಿಲ್ಡರನಿಗೆ ಏಳು ವರ್ಷ ಜೈಲು ಆಯಿತು.

ಅಕ್ಕನ ಖಾತೆಯನ್ನು ಕಂಪನಿಯವರು ಮುಚ್ಚಿದರು. ಕಾಣೆಯಾದವರ ಟ್ಯಾಗ್ ದುರುಪಯೋಗ ಎಂದು ಕಾರಣ ಬರೆದರು. ಬೇಟೆಗೆ ಬಳಸಿದವರ ಆಕ್ಸೆಸ್ ಒಂದನೇ ತಾರೀಖು ತಾನಾಗಿಯೇ ಮತ್ತೆ ಶುರುವಾಯಿತು.

ನಾನು ಎರಡು ಹಲ್ಲು ಕಟ್ಟಿಸಿಕೊಂಡೆ. ಅಕ್ಕ ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ.