ಎದ್ದು ನಿಂತ ತಪ್ಪು

ನೀಲವ್ವನ ಸೊಂಟಕ್ಕೆ ಕಟ್ಟಿದ್ದ ಸಾಮರ್ಥ್ಯಮಾಪಕ ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಸ್ನಾಯುಗಳ ಎಳೆತ, ಕೀಲುಗಳ ಬಾಗುವಿಕೆಗಳನ್ನು ಅಳೆದು, ಅಂಗವೈಕಲ್ಯ ಶೇಕಡಾ ಎಷ್ಟೆಂದು ನೇರವಾಗಿ ಪಿಂಚಣಿ ಕಚೇರಿಗೆ ತಿಳಿಸುವ ಪಟ್ಟಿ ಅದು. ನಲವತ್ತು ಮುಟ್ಟಿದರೆ ಪಿಂಚಣಿ, ಇಲ್ಲವಾದರೆ ಇಲ್ಲ. ಆಸ್ಪತ್ರೆಯ ಮುಂದೆ ಕಾಯುವುದು, ದಲ್ಲಾಳಿಗಳ ಕೈಕಾಲು ಹಿಡಿಯುವುದು ತಪ್ಪಿತೆಂದು ಜನ ಹೊಗಳಿದ್ದೇ ಹೊಗಳಿದ್ದು. ಸುಳ್ಳು ಕುಂಟರನ್ನು ಹಿಡಿಯಲೆಂದು ಅದನ್ನು ರೂಪಿಸಿದ ಡಾ. ಅರವಿಂದ ಮುಧೋಳ ಒಂದು ನಿಯಮ ಸೇರಿಸಿದ್ದರು: ಒಮ್ಮೆ ಮಾಡಿದ ಕೆಲಸವನ್ನು ದೇಹ ಯಾವಾಗಲೂ ಮಾಡಬಲ್ಲದು. ಕಾಗದದ ಮೇಲೆ ಅದು ಬಹಳ ಚೆನ್ನಾಗಿ ಕಾಣುತ್ತಿತ್ತು.

ಪರೀಕ್ಷೆ ನೋಡಲು ಗದಗಿನಲ್ಲಿದ್ದ ಅವಳ ಮನೆಗೆ ಅವರೇ ಬಂದಿದ್ದರು. ಮಿಲ್ಲಿನಲ್ಲಿ ಹತ್ತಿಯ ದೊಡ್ಡ ಮೂಟೆ ಮೈಮೇಲೆ ಬಿದ್ದು ಸೊಂಟ ಮುರಿದುಕೊಂಡಿದ್ದ ನೀಲವ್ವ ಗೋಡೆ ಹಿಡಿದು ಎದ್ದಳು.

"ಮನಿಗೆ ಬಂದವ್ರು ಚಾ ಕುಡೀದ ಹೋಗೂದಂದ್ರ ಏನ್ರೀ!"

ಬೇಡವೆನ್ನಬಹುದಿತ್ತು. "ಸಕ್ಕರಿ ಕಡಿಮಿ ಇರ್ಲಿ" ಎಂದರು ಮುಧೋಳ. ಅವಳು ಹಲ್ಲು ಕಚ್ಚಿಕೊಂಡು ಒಲೆಯ ಮುಂದೆ ನಿಂತಳು. ಗೋಡೆ ಬಿಟ್ಟು, ಎರಡೂ ಕೈಯಲ್ಲಿ ಚಹಾದ ಕಪ್ಪು-ಬಸಿ ಹಿಡಿದು ತಂದುಕೊಟ್ಟಳು. ಆಮೇಲೆ ನೋವಿನಿಂದ ಮಲಗಿದವಳು ಮರುದಿನವೂ ಏಳಲಿಲ್ಲ. ಮಾಪಕ ಮೂವತ್ತಾರು ತೋರಿಸಿತು, ಅರ್ಜಿ ತಿರಸ್ಕೃತವಾಯಿತು.

ಆ ಚಹಾ ಮುಧೋಳರಿಗೆ ಅರಗಲಿಲ್ಲ. ನಿಯಮ ತೆಗೆಯಿರೆಂದು ಇಲಾಖೆಗೆ ಅಲೆದರು. ಮೋಸ ಹಿಡಿಯುವ ಯಂತ್ರವೆಂದು ಹೆಸರಾಗಿದೆ, ಈಗ ಕೈ ಹಾಕಬೇಡಿ ಎಂದರು ಅಧಿಕಾರಿಗಳು. ಕೊನೆಗೆ, ಹಳೆಯ ಲೆಕ್ಕ ಅಳಿಸಿ ಹೊಸದಾಗಿ ಅಳೆಯುವ ಮರುಪರೀಕ್ಷೆಯ ದಿನ, ತಾವೇ ಕಟ್ಟಿದ ಯಂತ್ರಕ್ಕೆ ಮೋಸ ಮಾಡುತ್ತಾ, ವಿಜ್ಞಾನಿ ಅವಳ ಕಿವಿಯಲ್ಲಿ ಪಿಸುಗುಟ್ಟಿದರು:

"ಯಾರರ ಬರ್ಲಿ, ಏಳಬ್ಯಾಡವಾ. ಇದು ಸೊಂಟದ ಮ್ಯಾಲಿರೂತನಕ ಕುಂತೇ ಇರು."

ಪಿಂಚಣಿ ಮಂಜೂರಾಯಿತು. ಮುಧೋಳರ ಎದೆ ಹಗುರವಾಯಿತು. ಪಿಂಚಣಿದಾರರು ಪಟ್ಟಿಯನ್ನು ಇನ್ನು ಬಿಚ್ಚುವಂತೆಯೇ ಇಲ್ಲ ಎಂಬ ಹೊಸ ಆದೇಶ ಬಂದಾಗ ಅವರಿಗೆ ನೀಲವ್ವನ ನೆನಪಾಗಲಿಲ್ಲ. ಆಗಬೇಕಿತ್ತು.

ವರ್ಷ ಕಳೆದ ಮೇಲೆ ಮುಧೋಳ ಅವಳ ಮನೆಗೆ ಹೋದಾಗ ಅವಳು ಚಾಪೆಯ ಮೇಲಿದ್ದಳು. ಕಾಲುಗಳು ಸೊರಗಿಹೋಗಿದ್ದವು.

"ನೀವು ಹೇಳಿದಾಗಿಂದ ಒಮ್ಮೀನೂ ಎದ್ದಿಲ್ರೀ ಸಾಹೇಬ್ರ. ನಿಮ್ಮ ಪುಣ್ಯಾ, ಪಿಂಚಣಿ ಉಳೀತು."

ಮುಧೋಳ ಪಟ್ಟಿ ಬಿಚ್ಚಿದರು. "ಈಗ ಏಳವಾ. ನಾ ಹಿಡೀತೀನಿ."

ನೀಲವ್ವ ಗೋಡೆಗೆ ಕೈಯೂರಿ ಹೆಣಗಿದಳು. ಕಾಲು ಮಿಸುಕಲಿಲ್ಲ. ಬಿಚ್ಚಿಟ್ಟ ಮಾಪಕದಲ್ಲಿ ಎಂಬತ್ತು ಎಂದಿತ್ತು. ಅದರಲ್ಲಿ ಈಗ ಎಳ್ಳಷ್ಟೂ ಸುಳ್ಳಿರಲಿಲ್ಲ.

ಅವಳು ನಿಧಾನವಾಗಿ ಕೇಳಿದಳು: "ಅಂದ್ರ ಇನ್ನ ಪಿಂಚಣಿ ಯಾರೂ ಕಸ್ಗೊಳ್ಳಾಕ ಆಗೂದಿಲ್ಲ, ಹೌದಲ್ರೀ?"

"ಹೌದವಾ" ಎಂದರು ಮುಧೋಳ, ಅವಳ ಮುಖ ನೋಡದೆ.