ವೆಂಕಟರವಣಪ್ಪನ ನಿಲ್ಲದ ವಾಚು

೧೯೬೪ನೇ ಇಸವಿ ಡಿಸೆಂಬರ್ ೨೧, ಸೋಮವಾರ. ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ಮೇಲೂರಿನ ರಾಮಲಕ್ಷ್ಮಮ್ಮ ಶಿಡ್ಲಘಟ್ಟದ ಪೊಲೀಸ್ ಠಾಣೆಗೆ ಬಂದು, ತನ್ನ ಗಂಡ ಬದುಕಿದ್ದಾನೆ ಎಂದು ದೂರು ಕೊಟ್ಟಳು.

ಗಂಡ ಸತ್ತ, ಗಂಡ ಹೊಡೆದ, ಗಂಡ ಓಡಿಹೋದ ಎಂಬ ದೂರುಗಳನ್ನು ಇನ್ಸ್‌ಪೆಕ್ಟರ್ ದಕ್ಷಿಣಾಮೂರ್ತಿ ಹದಿನೆಂಟು ವರ್ಷದ ನೌಕರಿಯಲ್ಲಿ ಬೇಕಾದಷ್ಟು ಬರೆದುಕೊಂಡಿದ್ದರು. ಬದುಕಿದ್ದಾನೆ ಎಂಬ ದೂರು ಇದೇ ಮೊದಲು. ಅವರು ಪೆನ್ನಿನ ಕ್ಯಾಪು ತೆಗೆದವರು ಹಾಗೇ ಹಿಡಿದುಕೊಂಡು ಕೂತರು.

ರಾಮಲಕ್ಷ್ಮಮ್ಮನ ಗಂಡ ವೆಂಕಟರವಣಪ್ಪ ಮೇಲೂರಿನಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡು ಇಟ್ಟುಕೊಂಡಿದ್ದವನು. ವಯಸ್ಸು ಐವತ್ತೆರಡು. ನವೆಂಬರ್ ೨೬ರ ಗುರುವಾರ ಗೌರಿಬಿದನೂರಿಗೆ ಹೋಗಿಬರುತ್ತೇನೆ ಎಂದು ಕಂದು ಕೋಟು ಹಾಕಿಕೊಂಡು ಹೊರಟವನು ಮತ್ತೆ ಬಂದಿರಲಿಲ್ಲ. ಪೊಲೀಸರು ಗೌರಿಬಿದನೂರು, ಮಂಚೇನಹಳ್ಳಿ ಎರಡನ್ನೂ ಜಾಲಾಡಿ ಬರಿಗೈಲಿ ವಾಪಸಾಗಿದ್ದರು. ಎಲ್ಲೋ ಇನ್ನೊಂದು ಸಂಸಾರ ಹೂಡಿರುತ್ತಾನೆ ಎಂದು ದಫೇದಾರ್ ಮುನಿವೆಂಕಟಪ್ಪ ತೀರ್ಪು ಕೊಟ್ಟು ಕೈ ತೊಳೆದುಕೊಂಡಿದ್ದ.

"ಎಲ್ಲಿ ನೋಡಿದ್ರಮ್ಮ ನಿಮ್ಮ ಯಜಮಾನರನ್ನ?"

"ಅವರನ್ನ ನೋಡಿಲ್ಲ ಸ್ವಾಮಿ. ಅವರ ವಾಚು ನೋಡ್ದೆ."

ಭಾನುವಾರ ಅವಳು ಮುರುಗಮಲ್ಲದ ದರ್ಗಾಕ್ಕೆ ಹರಕೆ ಹೊತ್ತು ಹೋಗಿದ್ದಳು. ಬರುವಾಗ ಚಿಂತಾಮಣಿಯಲ್ಲಿ ಬಸ್ಸು ಬದಲಿಸಬೇಕಾಗಿತ್ತು. ಅಲ್ಲಿ ಒಂದು ವಾಚು ರಿಪೇರಿ ಅಂಗಡಿಯ ಗಾಜಿನೊಳಗೆ ಗಂಡನ ವಾಚು ಇತ್ತು. ಪಟ್ಟಿ ಕಿತ್ತುಹೋದಾಗ ಕೆಂಪು ರೇಷ್ಮೆ ದಾರದಲ್ಲಿ ಹೊಲಿದಿದ್ದವಳು ಅವಳೇ. ಆ ಹೊಲಿಗೆ ಹಾಗೇ ಇತ್ತು.

"ಸರಿ, ವಾಚು ಇದ್ದ ಮಾತ್ರಕ್ಕೆ..."

"ಓಡ್ತಾ ಇತ್ತು ಸ್ವಾಮಿ. ಅದಕ್ಕೆ ಕೀಲಿ ಕೊಡೋದಿಲ್ಲ. ಕೈಗೆ ಕಟ್ಟಿ ಓಡಾಡಿದ್ರೇನೇ ಅದು ಓಡೋದು. ಬಿಚ್ಚಿಟ್ರೆ ಒಂದೂವರೆ ದಿನಕ್ಕೆ ನಿಲ್ತದೆ. ನಾನು ಇರೋತನಕ ಇದು, ಇದು ಇರೋತನಕ ನಾನು ಅಂತಿದ್ರು." ಅವಳು ಕಣ್ಣೊರೆಸಿಕೊಳ್ಳಲಿಲ್ಲ. "ನಮ್ಮ ಮೈದುನ ಶಾಸ್ತ್ರ ಕೇಳಿಸ್ಕೊಂಡು ಬಂದವ್ನೆ. ಅವರು ಇಲ್ಲ, ಕುಂಕುಮ ತೆಗೆದುಬಿಡು ಅಂತಾನೆ. ನೀವು ಹೇಳಿ, ತೆಗೀಲೋ ಬೇಡವೋ?"

ದಕ್ಷಿಣಾಮೂರ್ತಿಯವರು ದಫೇದಾರನನ್ನು ಕರೆದರು. ಎಫ್‌ಐಆರ್ ಬರೆಸಿದರು. ಗುರುತಿನ ಚಿಹ್ನೆ ಎಂಬಲ್ಲಿ ಅವಳು ಬೆಳ್ಳಿ ಉಡಿದಾರ ಎಂದಳು. ಆಮೇಲೆ ದನಿ ತಗ್ಗಿಸಿ, "ಯುಗಾದಿಯಿಂದೀಚೆಗೆ ಎಡಗೈ ಸರಿಯಾಗಿ ಎತ್ತೋಕೆ ಆಗ್ತಿರಲಿಲ್ಲ. ಯಾರಿಗೂ ಹೇಳಬೇಡ ಅಂದಿದ್ರು" ಎಂದಳು.

ಚಿಂತಾಮಣಿ ಠಾಣೆಗೆ ತಿಳಿಸಿ, ಅಂದೇ ಮಧ್ಯಾಹ್ನ ಮೂರಕ್ಕೆ ಇನ್ಸ್‌ಪೆಕ್ಟರು ಪಂಚೆ ಉಟ್ಟು ಗಿರಾಕಿಯ ಹಾಗೆ ಆ ಅಂಗಡಿಗೆ ಹೋದರು. ಅಂಗಡಿಯವನ ಹೆಸರು ಚನ್ನಕೇಶವಾಚಾರಿ. ಅರವತ್ತರ ಹತ್ತಿರದ ಒಂಟಿ ಮನುಷ್ಯ. ಅಂಗಡಿಯ ಹಿಂದಿನ ಕೋಣೆಯೇ ಮನೆ. ಗೋಡೆಯ ಗಡಿಯಾರಗಳೆಲ್ಲ ಒಂದೊಂದು ಹೊತ್ತು ತೋರಿಸುತ್ತ ನಿಂತಿದ್ದವು. ಓಡುತ್ತಿದ್ದದ್ದು ಒಂದೇ, ಗಾಜಿನೊಳಗಿನ ಆ ಸ್ವಿಸ್ ವಾಚು. ಅದರ ಮುಂದೆ ದಪ್ಪ ಅಕ್ಷರದ ಚೀಟಿ: "ಒಂದು ಸಲವೂ ನಿಂತಿಲ್ಲ."

"ಮಾರ್ತೀರಾ ಆಚಾರ್ರೇ?"

"ಮಾರೋಕಲ್ಲ. ನೋಡೋಕೆ."

"ಯಾರದು?"

"ಯಾರೋ ನಿಂತುಹೋಗಿದೆ ಅಂತ ಕೊಟ್ಟುಹೋದ್ರು. ಒಂದು ವಾರ ಆಯ್ತು. ತೊಳೆದು, ಗಂಟೆ ಕೂಡಿಸಿ ಇಟ್ಟಿದೀನಿ."

ಇನ್ಸ್‌ಪೆಕ್ಟರು ರಿಪೇರಿಗೆಂದು ಕೊಟ್ಟ ತಮ್ಮ ಹಳೆಯ ಕೀಲಿ ವಾಚನ್ನು ಬಿಚ್ಚುವಾಗ ಆಚಾರಿಯ ಚಿಮಟ ಗಾಜಿಗೆ ತಗುಲಿ ಟಕಟಕ ಸದ್ದು ಮಾಡಿತು. ಕೈ ನಡುಗುತ್ತಿತ್ತು. ಹೆದರಿದ್ದಾನೆ, ವೆಂಕಟರವಣಪ್ಪನನ್ನು ಒಳಗೇ ಎಲ್ಲೋ ಬಚ್ಚಿಟ್ಟಿದ್ದಾನೆ ಎಂದು ದಕ್ಷಿಣಾಮೂರ್ತಿ ಲೆಕ್ಕ ಹಾಕಿದರು. ವಾಚು ಓಡಬೇಕಾದರೆ ಕೈ ಬೇಕು, ಕೈ ಇದ್ದರೆ ಮನುಷ್ಯ ಇರಲೇಬೇಕು. ರಾಮಲಕ್ಷ್ಮಮ್ಮನ ತರ್ಕ ಅವರಿಗೂ ಹತ್ತಿಬಿಟ್ಟಿತ್ತು.

ಮಾರನೆ ದಿನ, ಮಂಗಳವಾರ, ಅಂಗಡಿಯ ಮೇಲೆ ಕಣ್ಣಿಡಲು ಮುನಿವೆಂಕಟಪ್ಪನನ್ನು ಬಿಟ್ಟರು. ಸಂಜೆ ಆರಕ್ಕೆ ಆಚಾರಿ ಬಾಗಿಲು ಹಾಕಿ ಊಟಕ್ಕೆ ಹೋಟೆಲಿಗೆ ಹೋದ. ಆರೂವರೆಗೆ ದಫೇದಾರ ಬೀದಿಯ ತುದಿಯಲ್ಲಿ ಕಾಯುತ್ತಿದ್ದ ಇನ್ಸ್‌ಪೆಕ್ಟರ ಹತ್ತಿರ ಓಡುತ್ತ ಬಂದ. ಟೋಪಿ ಕಂಕುಳಲ್ಲಿತ್ತು.

"ಇದ್ದಾನಾ?"

"ಅಯ್ಯೋ ದೇವುಡಾ... ಮನುಷ್ಯ ಇಲ್ಲ ಸಾರ್. ಕೈ ಐತೆ."

"ಏನಯ್ಯ ಹಾಗಂದ್ರೆ?"

"ಬರೀ ಕೈ ಸಾರ್. ಕೋಟು ಹಾಕ್ಕೊಂಡೈತೆ. ವಾಚು ಕಟ್ಕೊಂಡೈತೆ. ಕತ್ತಲಲ್ಲಿ ಮೇಲಕ್ಕೆ ಹೋಗ್ತದೆ, ಕೆಳಗೆ ಬರ್ತದೆ."

ದಫೇದಾರ ಕುಡಿಯುವವನಲ್ಲ. ಇನ್ಸ್‌ಪೆಕ್ಟರು ತಾವೇ ಹೋಗಿ ಹಿಂಬಾಗಿಲ ಸಂದಿಗೆ ಕಣ್ಣಿಟ್ಟರು. ಮೊದಲು ಏನೂ ಕಾಣಲಿಲ್ಲ. ಒಳಗಿನಿಂದ ಗಿರ್ ಎಂದು ಸಣ್ಣ ಸದ್ದು, ನಿಲ್ಲುವುದು, ಮತ್ತೆ ಗಿರ್. ಬೆಳಕಿಂಡಿಯ ಮಸುಕಿಗೆ ಕಣ್ಣು ಹೊಂದಿಕೊಂಡಾಗ ಕಂದು ಕೋಟಿನ ಒಂದು ತೋಳು ಮೆಲ್ಲಗೆ ಮೇಲೇರಿತು, ಯಾರನ್ನೋ ಕರೆಯುವ ಹಾಗೆ ಒಂದು ಗಳಿಗೆ ನಿಂತಿತು, ಇಳಿಯಿತು. ತೋಳಿನ ಹಿಂದೆ ಹೆಗಲಿರಲಿಲ್ಲ. ದೇವರು ದೆವ್ವ ಎರಡನ್ನೂ ನಂಬದ ಮನುಷ್ಯ ಅವತ್ತು ಬಸ್ಸಿನಲ್ಲಿ ಶಿಡ್ಲಘಟ್ಟದವರೆಗೆ ಕೂತದ್ದು ದಫೇದಾರನ ಮಗ್ಗುಲಿಗೇ ಒತ್ತಿಕೊಂಡು.

ಡಿಸೆಂಬರ್ ೨೩, ಬುಧವಾರ. ಬೆಳಿಗ್ಗೆ ಆರೂವರೆಗೆ ಇಬ್ಬರು ಪಂಚರ ಸಮಕ್ಷಮ ಶೋಧ ನಡೆಯಿತು. ಚನ್ನಕೇಶವಾಚಾರಿ ತಾನೇ ಬಾಗಿಲು ತೆಗೆದ. ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಹಗಲ ಬೆಳಕಿನಲ್ಲಿ ಆ ಕೈಯನ್ನು ತೋರಿಸಿದ. ಗೋಡೆ ಗಡಿಯಾರದ ಯಂತ್ರಕ್ಕೆ ಸರಪಳಿಯಲ್ಲಿ ಎರಡು ಗುಂಡು ನೇತುಹಾಕಿತ್ತು. ಯಂತ್ರ ತಿರುಗಿಸುತ್ತಿದ್ದದ್ದು ನೂಲು ಬಿಚ್ಚುವ ಚರಕದ ಮರದ ಚಕ್ರವನ್ನು. ಚಕ್ರಕ್ಕೆ ಹತ್ತಿ ತುಂಬಿದ ಕೋಟಿನ ತೋಳನ್ನು ಬಿಗಿದಿತ್ತು, ತೋಳಿನ ತುದಿಗೆ ವಾಚು.

"ಇದನ್ನ ಯಾಕೆ ಮಾಡಿದ್ರಿ?"

ಆಚಾರಿಗೆ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಎಷ್ಟು ದಿನದಿಂದ ಆಸೆಯಿತ್ತೋ! ಮುಖವೇ ಅರಳಿತು.

"ಈ ಜಾತಿ ವಾಚಿನ ಒಳಗೆ ಅರ್ಧಚಂದ್ರದ ಹಾಗೆ ಒಂದು ತೂಕ ಇರ್ತದೆ ಸಾರ್. ಕೈ ಆಡಿದಾಗ ಅದು ಹೊರಳಿ ಹೊರಳಿ ಸ್ಪ್ರಿಂಗು ಸುತ್ತದೆ. ಮೊದಲು ಚರಕಕ್ಕೇ ಕಟ್ಟಿ ಜೋರಾಗಿ ತಿರುಗಿಸಿದೆ. ಸುತ್ತಲಿಲ್ಲ. ವೇಗಕ್ಕೆ ತೂಕ ಅಂಚಿಗೆ ಅಂಟ್ಕೊಂಡು ಬೀಳೋದೇ ಇಲ್ಲ. ಆಮೇಲೆ ತೊಟ್ಟಿಲ ಹಾಗೆ ಮಲಗಿಸಿ ತೂಗಿದೆ. ಮಲಗಿದ್ರೆ ಹೊರಳಲ್ಲ. ನಿಲ್ಲಿಸಬೇಕು, ನಿಧಾನ ತಿರುಗಿಸಬೇಕು, ನಡುನಡುವೆ ಬಿಡುವು ಕೊಡಬೇಕು. ಅದೂ ಇದು ಬಲಕ್ಕೆ ತಿರುಗಿದ್ರೇ ಸುತ್ಕೊಳ್ಳೋದು, ಎಡಕ್ಕೆ ಎಷ್ಟು ತಿರುಗಿಸಿದ್ರೂ ದಂಡ. ಅದಕ್ಕೆ ಸಂಜೆ ಇದಕ್ಕೆ ಕಟ್ತೀನಿ, ಬೆಳಿಗ್ಗೆ ಬಿಚ್ಚಿ ಗಾಜಲ್ಲಿ ಇಡ್ತೀನಿ."

ಮುನಿವೆಂಕಟಪ್ಪ ವಾಚನ್ನು ಬಿಚ್ಚಿಕೊಂಡು, ಕಿಟಕಿಯ ಹತ್ತಿರ ಕೂತು ಪಂಚನಾಮೆ ಬರೆಯುತ್ತಿದ್ದ. ಇದ್ದಕ್ಕಿದ್ದಂತೆ ತಲೆ ಕೆರೆದುಕೊಂಡ.

"ಸಾರ್, ವಾಚು ನಾಲ್ಕು ನಿಮಿಷ ಮುಂದಕ್ಕೈತೆ. ತಾರೀಖಿನ ಕಿಂಡೀಲಿ ಇಪ್ಪತ್ತೆರಡು ಅಂತೈತೆ. ಇವತ್ತು ಇಪ್ಪತ್ತಮೂರು. ಯಾವುದು ಬರೀಲಿ?"

"ಕಂಡಿದ್ದು ಬರಿಯಯ್ಯ" ಎಂದ ಇನ್ಸ್‌ಪೆಕ್ಟರು ವಾಚನ್ನು ತಾವೇ ಕೈಗೆ ತೆಗೆದುಕೊಂಡು ನೋಡಿದರು. ಒಂದು ವಾರದ ಹಿಂದೆ ಗಂಟೆ ಕೂಡಿಸಿದೆ ಎಂದವನು, ಮೂವತ್ತೈದು ವರ್ಷ ಇದೇ ಕಸುಬು ಮಾಡಿದವನು, ತಾರೀಖು ತಪ್ಪು ಕೂಡಿಸುತ್ತಾನೆಯೆ? ನವೆಂಬರಿಗೆ ಮೂವತ್ತೇ ದಿನ ಎಂಬುದು ವಾಚಿಗೆ ಗೊತ್ತಿರುವುದಿಲ್ಲ. ಮೂವತ್ತರ ಮಾರನೆ ದಿನ ಅದು ಮೂವತ್ತೊಂದು ತೋರಿಸುತ್ತದೆ. ಯಾರಾದರೂ ಕೈಯಿಂದ ಒಂದು ದಿನ ಮುಂದೂಡಬೇಕು. ಮುಂದೂಡದಿದ್ದರೆ ಡಿಸೆಂಬರ್ ಪೂರ್ತಿ ಒಂದು ದಿನ ಹಿಂದೆಯೇ. ಎಂದರೆ ಈ ವಾಚನ್ನು ನವೆಂಬರಿನಿಂದ ಈಚೆಗೆ ಯಾರೂ ಕೂಡಿಸಿಲ್ಲ. ಅದು ನಿಂತೂ ಇಲ್ಲ. ವಾರದ ಹಿಂದೆ ಯಾರೋ ಕೊಟ್ಟುಹೋದರು ಎಂಬುದು ಸುಳ್ಳು.

"ಆಚಾರ್ರೇ, ಕೊನೆಗೆ ಇದರ ಗಂಟೆ ಕೂಡಿಸಿದವರು ಯಾರು?"

ಆಚಾರಿ ಚಕ್ರದ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದ.

"ಈ ಕೋಟು ಯಾರದು?"

"ಅವರ ಕೈ ಅಳತೆಗೆ ಪಟ್ಟಿ ತೂತು ಇತ್ತು ಸಾರ್. ಬೇರೆ ಬಟ್ಟೆ ಸುತ್ತಿದ್ರೆ ಸಡಿಲ ಆಗೋದು. ಇದೇ ಸರಿಹೋಯ್ತು."

ಪಂಚರಲ್ಲಿ ಒಬ್ಬರು ಎದ್ದು ಹೊರಗೆ ಹೋದರು.

"ವೆಂಕಟರವಣಪ್ಪ ಎಲ್ಲಿ?"

ಹಿತ್ತಲಲ್ಲಿ ಕಸ ಸುರಿಯುವ ಒಂದು ಪಾಳುಬಾವಿ ಇತ್ತು. ಆಚಾರಿ ಆ ಕಡೆ ನೋಡಿದ, ಅಷ್ಟೇ. ಹನ್ನೊಂದು ಗಂಟೆಗೆ ಸುಣ್ಣ ಮಣ್ಣಿನ ಅಡಿಯಿಂದ ಶವ ತೆಗೆದರು. ಸೊಂಟದಲ್ಲಿ ಬೆಳ್ಳಿ ಉಡಿದಾರವಿತ್ತು. ಕೋಟಿಗೆ ಎಡತೋಳು ಇರಲಿಲ್ಲ. ಕೊಲೆ ಮತ್ತು ಸಾಕ್ಷ್ಯನಾಶದ ಆಪಾದನೆಯ ಮೇಲೆ ಹನ್ನೊಂದೂವರೆಗೆ ಚನ್ನಕೇಶವಾಚಾರಿಯನ್ನು ದಸ್ತಗಿರಿ ಮಾಡಲಾಯಿತು.

ಠಾಣೆಯಲ್ಲಿ ಅವನು ಏನನ್ನೂ ಮುಚ್ಚಿಡಲಿಲ್ಲ. ವಾಚು ಪದೇ ಪದೇ ನಿಲ್ಲುತ್ತದೆಂದು ವೆಂಕಟರವಣಪ್ಪ ಮೂರು ಸಲ ತಂದಿದ್ದ. ಮೂರು ಸಲವೂ ಆಚಾರಿ ಬಿಚ್ಚಿ ನೋಡಿ ದೋಷವಿಲ್ಲ ಎಂದಿದ್ದ. ಕೊನೆಗೆ ಈ ಚಕ್ರ ಮಾಡಿ, ಬಂದು ನೋಡಿ ಎಂದು ಕಾರ್ಡು ಬರೆದ. ಹೆಂಡತಿಗೆ ಗೌರಿಬಿದನೂರು ಎಂದು ಹೇಳಿ ವೆಂಕಟರವಣಪ್ಪ ಚಿಂತಾಮಣಿಗೆ ಬಂದ. ತನ್ನ ಕೈಯಾರೆ ಗಂಟೆ, ತಾರೀಖು ಕೂಡಿಸಿ ಕೊಟ್ಟ.

"ಒಂದು ತಿಂಗಳು ಬಿಟ್ಟುಹೋಗಿ, ನಿಂತ್ರೆ ನನ್ನ ಕಸುಬೇ ಬಿಡ್ತೀನಿ ಅಂದೆ ಸಾರ್. ದೋಷ ವಾಚಲ್ಲಿಲ್ಲ, ನಿಮ್ಮ ಕೈಲಿದೆ, ನಿಮ್ಮ ಎಡಗೈ ಆಡ್ತಿಲ್ಲ ಅಂದೆ. ಅವರಿಗೆ ಎಲ್ಲಿತ್ತೋ ಸಿಟ್ಟು. ದೋಷ ನಿನ್ನ ಕೈಲಿ, ನಡುಗೋ ಕೈಲಿ ವಾಚು ಬಿಚ್ತೀಯ, ಬಸ್ ಸ್ಟ್ಯಾಂಡಲ್ಲಿ ನಿಂತು ಊರಿಗೆಲ್ಲ ಹೇಳ್ತೀನಿ ಅಂದ್ರು. ಹೊರಟೇಬಿಟ್ರು. ಅಡ್ಡ ಹೋದೆ, ಜಾಡಿಸಿದ್ರು. ಹಿಂದಕ್ಕೆ ನೂಕಿದೆ. ತಲೆ ಒರಳುಕಲ್ಲಿಗೆ ಹೊಡೀತು. ಇನ್ನೂ ಉಸಿರಿತ್ತು ಸಾರ್. ಡಾಕ್ಟರನ್ನ ಕರೀಬಹುದಿತ್ತು. ಕರೀಲಿಲ್ಲ."

"ಆಮೇಲಾದರೂ ವಾಚನ್ನ ಬಾವಿಗೆ ಎಸೀಬಹುದಿತ್ತಲ್ಲ? ಗಾಜಲ್ಲಿ ಯಾಕಿಟ್ಟೆ?"

"ಎಸೆದ್ರೆ ಯಾರಿಗೆ ಗೊತ್ತಾಗೋದು?" ಅವನು ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದ. "ಇಪ್ಪತ್ತೇಳು ದಿನ ಸಾರ್. ತಿರುಪು ಮುಟ್ಟಿಲ್ಲ. ಒಂದು ಸಲವೂ ನಿಂತಿಲ್ಲ. ಈಗ ನೀವೇ ಹೇಳಿ, ದೋಷ ಯಾರ ಕೈಲಿತ್ತು?"

ದಕ್ಷಿಣಾಮೂರ್ತಿಯವರು ಕೋಪದ ಮನುಷ್ಯ. ಆದರೆ ಆಗ ಅವರಿಗೆ ಕೋಪಕ್ಕಿಂತ ಸಂಕಟವೇ ಹೆಚ್ಚಾಯಿತು. ಒಬ್ಬನ ಕೈ ಏಳುತ್ತಿರಲಿಲ್ಲ, ಇನ್ನೊಬ್ಬನ ಕೈ ನಿಲ್ಲುತ್ತಿರಲಿಲ್ಲ. ಇಬ್ಬರೂ ಅದನ್ನು ಊರಿನಿಂದ ಮುಚ್ಚಿಡಲು ಹೋಗಿ ಹೀಗಾದರು. ಈ ಮಾತನ್ನು ಅವರು ಕೇಸ್ ಡೈರಿಯಲ್ಲಿ ಬರೆಯಲಿಲ್ಲ, ಅದಕ್ಕೆ ಅಲ್ಲಿ ಕಾಲಂ ಇಲ್ಲ.

ವಾಚನ್ನು ತಗಡಿನ ಡಬ್ಬಿಯಲ್ಲಿಟ್ಟು, ಅರಗಿನ ಮೊಹರು ಮಾಡಿ, ಠಾಣೆಯ ಬೀರುವಿನಲ್ಲಿ ಇಟ್ಟರು. ತಗಡಿಗೆ ಅದರ ಸದ್ದು ಇನ್ನಷ್ಟು ಜೋರಾಯಿತು. ಬುಧವಾರವೆಲ್ಲ ಬೀರು ಟಿಕ್ ಟಿಕ್ ಎನ್ನುತ್ತಿತ್ತು. "ಇನ್ನೂ ಬಡ್ಕೊಳ್ತಾ ಐತೆ ಸಾರ್" ಎಂದು ಮುನಿವೆಂಕಟಪ್ಪ ಆ ಮೂಲೆಯ ಮೇಜನ್ನೇ ಬಿಟ್ಟು ಬಾಗಿಲ ಬಳಿ ಕೂತು ಬರೆದ. ಗುರುವಾರ ಸಂಜೆ ಐದೂ ಇಪ್ಪತ್ತಕ್ಕೆ ಸದ್ದು ನಿಂತಿತು. ಠಾಣೆಯಲ್ಲಿದ್ದ ನಾಲ್ಕು ಜನವೂ ಒಟ್ಟಿಗೆ ತಲೆಯೆತ್ತಿ ಬೀರುವಿನ ಕಡೆ ನೋಡಿದರು.

ಶುಕ್ರವಾರ ಬೆಳಿಗ್ಗೆ ರಾಮಲಕ್ಷ್ಮಮ್ಮ ಬಂದಳು. ಗುರುವಾರ ಮಧ್ಯಾಹ್ನವೇ ಮಣ್ಣು ಮಾಡಿಯಾಗಿತ್ತು. ಹಣೆ ಬರಿದಾಗಿತ್ತು. ಕೂರಿ ಎಂದರೂ ಕೂರಲಿಲ್ಲ.

"ಅವರು ಹೋದ ದಿನ ಯಾವುದು ಅಂತ ಪುರೋಹಿತರು ಕೇಳ್ತಾರೆ ಸ್ವಾಮಿ. ವರ್ಷ ವರ್ಷ ಎಡೆ ಇಡಬೇಕಲ್ಲ. ಯಾವ ದಿನ ಅಂತ ಹೇಳ್ಲಿ?"

"ನವೆಂಬರ್ ಇಪ್ಪತ್ತಾರಮ್ಮ. ಗುರುವಾರ. ಅವತ್ತೇ."

ಅವಳು ಬೆರಳು ಮಡಿಚಿ ಏನೋ ಎಣಿಸಿದಳು.

"ಅವತ್ತಿಂದ ದಿನಾ ಅವರ ತಟ್ಟೆ ಹಾಕಿಟ್ಟೇ ನಾನು ಉಂಡಿದೀನಿ. ನೆನ್ನೆ ಮೊನ್ನೆವರೆಗೂ ಹೂವ ಮುಡಿದಿದೀನಿ. ಅವತ್ತೇ ಹೋಗಿದ್ರು ಅಂದ್ರೆ, ಅದನ್ನೆಲ್ಲ ಏನು ಮಾಡ್ಲಿ?" ಮತ್ತೆ ಕೇಳಿದಳು, "ವಾಚು ಓಡ್ತಾ ಐತಾ ಸ್ವಾಮಿ?"

"ಇಲ್ಲಮ್ಮ. ನಿಂತಿತು."

"ಯಾವಾಗ?"

ಹೇಳಬಾರದಿತ್ತೇನೋ. ಹೇಳಿದರು. "ನೆನ್ನೆ ಸಂಜೆ. ಐದೂ ಇಪ್ಪತ್ತಕ್ಕೆ."

ಅವಳು ತಲೆಯಾಡಿಸಿದಳು. ಸೆರಗು ಹೊದ್ದುಕೊಂಡು, "ಹಂಗೇ ಹೇಳ್ತೀನಿ" ಎಂದು ಮೆಟ್ಟಿಲಿಳಿದು ಹೋದಳು. ದಕ್ಷಿಣಾಮೂರ್ತಿಯವರು ತಿದ್ದಲು ಹೋಗಲಿಲ್ಲ.

ದೋಷಾರೋಪಣ ಪಟ್ಟಿಯಲ್ಲಿ ವೆಂಕಟರವಣಪ್ಪ ಸತ್ತದ್ದು ನವೆಂಬರ್ ೨೬ ಎಂದೇ ಇದೆ. ಮೇಲೂರಿನ ಆ ಮನೆಯಲ್ಲಿ ಮಾತ್ರ ಅವನಿಗೆ ಎಡೆ ಇಡುವುದು ಇಪ್ಪತ್ತೆಂಟು ದಿನ ತಡವಾಗಿ.